ಅಟ್ಟಕ್ಕೆ ಬೆಳಕು ಬೇಕಾ? ಗಾಜಿನ ಹಂಚು, ಬೆಳಕಿಂಡಿ, ಚಾವಣಿ ಕಿಟಕಿ: ಯಾವುದು ಆರಿಸಬೇಕು, ಹೇಗೆ ಕೂರಿಸಬೇಕು? ಇಲ್ಲಿದೆ ಪೂರ್ತಿ ಮಾಹಿತಿ

ಅಬಲೂರು (ಹಿರೇಕೆರೂರು ತಾ.): ಹಳೇ ಹಂಚಿನ ಮನೆಗಳ ಅಟ್ಟ ಅಂದ್ರೆ ಮಟಮಟ ಮಧ್ಯಾಹ್ನವೂ ಟಾರ್ಚ್ ಹಿಡಿದು ಹತ್ತಬೇಕಾದ ಜಾಗ. ಮೆಕ್ಕೆಜೋಳ, ಬೆಳ್ಳುಳ್ಳಿ, ಶೇಂಗಾ, ಹಳೇ ಪಾತ್ರೆ, ಮದುವೆಗೆ ತಂದ ಜಮಖಾನೆ ಎಲ್ಲಾ ಅಲ್ಲೇ. ಈಗ ಮಕ್ಕಳು ಓದೋಕೆ ಒಂದು ಕೋಣೆ ಬೇಕು, ಅಂಗಡಿಯವರಿಗೆ ಮೇಲೊಂದು ಗೋದಾಮು ಬೇಕು ಅಂತ ಅದೇ ಅಟ್ಟವನ್ನ ಬಳಕೆಗೆ ತರೋರು ಹೆಚ್ಚಾಗಿದ್ದಾರೆ. ಆಗ ಬರೋ ಮೊದಲ ಪ್ರಶ್ನೆ ಬೆಳಕಿನದು.

ಚಾವಣಿಯಲ್ಲಿ ತೂತು ಮಾಡೋದು ಸುಲಭ. ಅದೇ ತೂತಿನಿಂದ ಮಳೆನೀರು, ಮಂಗ, ಕಳ್ಳ, ಬೇಸಿಗೆ ಕಾವು ಒಳಗೆ ಬರದಂಗೆ ನೋಡಿಕೊಳ್ಳೋದೇ ಕಷ್ಟ. ಒಂದು ಸಣ್ಣ ಸೋರಿಕೆ ಇಡೀ ವರ್ಷದ ಕಾಳನ್ನ ಬೂಷ್ಟು ಹಿಡಿಸುತ್ತೆ. ಮಣ್ಣಿನ ಗೋಡೆಯ ಮನೆಯಾದರೆ ಗೋಡೆಯೇ ನೆನೆದು ಕುಸಿಯುವ ಅಪಾಯ ಇರುತ್ತೆ. ಹೀಗಾಗಿ ಖರ್ಚು ಮಾಡೋ ಮುಂಚೆ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಹೊಸ ವಿಚಾರವೇನಲ್ಲ

ಮೇಲಿನಿಂದ ಬೆಳಕು ತರೋದು ನಮ್ಮ ಭಾಗಕ್ಕೆ ಹೊಸದಲ್ಲ. ಮಣ್ಣಿನ ಮಾಳಿಗೆ ಮನೆಗಳಲ್ಲಿ ತೊಲೆ, ಜಂತಿ ಮೇಲೆ ಮಣ್ಣು ಹಾಕುವಾಗಲೇ ಅಡುಗೆಮನೆ ಮತ್ತು ನಡುಮನೆಯ ನೆತ್ತಿಗೆ ಬೆಳಕಿಂಡಿ ಬಿಡುತ್ತಿದ್ದರು. ಮಳೆ ಬಂದಾಗ ಯಾರಾದರೂ ಮಾಳಿಗೆ ಹತ್ತಿ ಅದರ ಮೇಲೆ ಕಲ್ಲೋ ತಗಡೋ ಮುಚ್ಚಿ ಬರುತ್ತಿದ್ದರು. ಬೆಳಕು ಬರೋದು, ಹೊಗೆ ಹೋಗೋದು, ಎರಡೂ ಅದೇ ಕಿಂಡಿಯಿಂದ.

ಹಂಚಿನ ಕಥೆ ಬೇರೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳೋ ಈ ಹಂಚು ಆಮೇಲೆ ಘಟ್ಟ ಹತ್ತಿ ನಮ್ಮ ಊರುಗಳಿಗೂ ಬಂತು. ಅದೇ ಅಳತೆಯ ಗಾಜಿನ ಹಂಚು ಸಿಗೋದರಿಂದ ಒಂದು ಮಣ್ಣಿನ ಹಂಚು ತೆಗೆದು ಅಲ್ಲಿ ಗಾಜಿನದು ಇಟ್ಟರೆ ಕೆಲಸ ಮುಗೀತು.

ಅಟ್ಟದಲ್ಲಿ ತೆರೆದು ಮುಚ್ಚೋ ಕಿಟಕಿ ಕೂರಿಸೋ ಪದ್ಧತಿ ಯುರೋಪಿನಲ್ಲಿ ಬೆಳೆದದ್ದು. ಡೆನ್ಮಾರ್ಕ್‌ನ ಎಂಜಿನಿಯರ್ ವಿಲ್ಲುಮ್ ಕಾನ್ ರಾಸ್ಮುಸೆನ್ 1941ರಲ್ಲಿ ಕಟ್ಟಿದ ಕಂಪನಿಯೇ ಇಂದಿನ ವೆಲಕ್ಸ್. ಆ ಕಿಟಕಿಗಳು ಚಳಿ ದೇಶದ ಲೆಕ್ಕಕ್ಕೆ ಹುಟ್ಟಿದವು. ಅಲ್ಲಿನವರಿಗೆ ಬಿಸಿಲು ಒಳಗೆ ಬಂದರೆ ಹಬ್ಬ. ನಮಗೆ ಬೆಳಕು ಬೇಕು, ಬಿಸಿಲು ಬೇಡ. ಈ ಒಂದು ವ್ಯತ್ಯಾಸ ನೆನಪಿಟ್ಟುಕೊಂಡರೆ ಅರ್ಧ ಆಯ್ಕೆ ಮುಗಿದಂಗೆ.

ಮೊದಲು ದಿಕ್ಕು ನೋಡಿ

ಹಿರೇಕೆರೂರು ಭಾಗ ಇರೋದು ಉತ್ತರ ಅಕ್ಷಾಂಶ 14 ಮತ್ತು 15 ಡಿಗ್ರಿಯ ನಡುವೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆ ಮತ್ತು ಆಗಸ್ಟ್ ಮಧ್ಯದ ಹೊತ್ತಿಗೆ, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ. ಈ ಎರಡರ ನಡುವಿನ ತಿಂಗಳುಗಳಲ್ಲಿ ಅವನು ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ, ಉಳಿದ ಕಾಲವೆಲ್ಲ ದಕ್ಷಿಣಕ್ಕೆ ಇರ್ತಾನೆ. ಮುಂಗಾರು ಮಳೆ ಬೀಸೋದು ಪಶ್ಚಿಮ ಮತ್ತು ನೈಋತ್ಯದಿಂದ. ಇಷ್ಟು ತಿಳಿದರೆ ಇಳಿಜಾರು ಆರಿಸೋದು ಸುಲಭ.

- ಉತ್ತರದ ಇಳಿಜಾರು: ವರ್ಷದ ಬಹುಪಾಲು ಹದವಾದ ಬೆಳಕು, ನೇರ ಬಿಸಿಲು ಕಡಿಮೆ. ಮೊದಲ ಆಯ್ಕೆ ಇದೇ. ಆದರೆ ಮೇ ತಿಂಗಳಲ್ಲಿ ಇಲ್ಲೂ ಬಿಸಿಲು ಇಳಿಯುತ್ತೆ, ಒಳಗೆ ಪರದೆ ಬೇಕು.
- ಪೂರ್ವದ ಇಳಿಜಾರು: ಬೆಳಗಿನ ಎಳೆಬಿಸಿಲು ಬರುತ್ತೆ, ಮಧ್ಯಾಹ್ನದ ಮೇಲೆ ನೆರಳು. ಮಳೆ ಹೊಡೆತವೂ ಕಡಿಮೆ. ಎರಡನೇ ಆಯ್ಕೆ.
- ದಕ್ಷಿಣದ ಇಳಿಜಾರು: ಚಳಿಗಾಲದ ಬಿಸಿಲು ಪೂರ್ತಿ ಒಳಗೆ. ಮಾರ್ಚ್‌ನಲ್ಲೇ ಕಾವು ಶುರು.
- ಪಶ್ಚಿಮದ ಇಳಿಜಾರು: ಸಂಜೆವರೆಗೆ ಕಾವು, ಮಳೆಗಾಲದಲ್ಲಿ ಗಾಳಿಗೆ ಹಂಚಿನ ಸಂದಿಯಲ್ಲಿ ಮೇಲ್ಮುಖವಾಗಿ ನುಗ್ಗೋ ಇರುಚಲು. ಬೇರೆ ದಾರಿ ಇದ್ದರೆ ಇದನ್ನ ಬಿಟ್ಟುಬಿಡಿ.

ಸಾಲುಮನೆಗಳಲ್ಲಿ ಎರಡು ಚಾವಣಿ ಕೂಡೋ ಕಡೆ ನೀರಿನ ಕಾಲುವೆಯಂಗೆ ಒಂದು ತಗ್ಗು ಇರುತ್ತೆ. ಅದರ ಹತ್ತಿರ ಯಾವ ಕಾರಣಕ್ಕೂ ಕಿಂಡಿ ಬೇಡ. ಎರಡೂ ಮನೆಯ ನೀರು ಅಲ್ಲೇ ಹರಿಯೋದು.

ಎಷ್ಟು ದೊಡ್ಡದು ಬೇಕು?

ಇಲ್ಲೇ ಹೆಚ್ಚು ಜನ ಎಡವೋದು. ಮೇಲಿನಿಂದ ಬರೋ ಬೆಳಕು ಗೋಡೆ ಕಿಟಕಿಯ ಬೆಳಕಿಗಿಂತ ಬಹಳ ಜೋರು. ತೆರೆದ ಬಯಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಇದ್ದರೆ, ಪುಸ್ತಕ ಓದೋಕೆ ಬೇಕಾಗೋದು ಕೆಲವು ನೂರು ಲಕ್ಸ್ ಮಾತ್ರ. ನೆಲದ ವಿಸ್ತೀರ್ಣದ ನೂರಕ್ಕೆ ಮೂರರಿಂದ ಐದು ಭಾಗ ಕಿಂಡಿ ಬಿಟ್ಟರೆ ಸಾಕು ಅನ್ನೋದು ಕಟ್ಟಡ ಕೆಲಸದ ರೂಢಿ ಲೆಕ್ಕ.

ಉದಾಹರಣೆಗೆ 10 ಅಡಿ ಅಗಲ, 12 ಅಡಿ ಉದ್ದದ ಅಟ್ಟ ಅಂದ್ರೆ 120 ಚದರ ಅಡಿ. ಅದರ ನೂರಕ್ಕೆ ಮೂರು ಅಂದ್ರೆ ಮೂರೂವರೆ ಚದರ ಅಡಿಯಷ್ಟು. ಮಂಗಳೂರು ಹಂಚು ಒಂದರ ಕಾಣೋ ಭಾಗ ಮುಕ್ಕಾಲು ಚದರ ಅಡಿ ಆಸುಪಾಸು. ಅಲ್ಲಿಗೆ ಐದು ಗಾಜಿನ ಹಂಚು ಸಾಕು. ಬರೀ ಸಾಮಾನು ಇಡೋ ಜಾಗವಾದರೆ ಎರಡೇ ಸಾಕು.

ಹೆಚ್ಚಾದರೆ ಏನಾಗುತ್ತೆ? ನೆತ್ತಿ ಬಿಸಿಲಲ್ಲಿ ಒಂದು ಚದರ ಮೀಟರ್ ಮೇಲೆ ಸುಮಾರು 1,000 ವ್ಯಾಟ್ ಶಾಖ ಬೀಳುತ್ತೆ. ಸಾದಾ ಗಾಜು ಅದರ ಬಹುಪಾಲನ್ನ ಒಳಗೆ ಬಿಡುತ್ತೆ. ನಾಲ್ಕು ಚದರ ಅಡಿ ಗಾಜಿನಿಂದ ಸರಿಸುಮಾರು 300 ವ್ಯಾಟ್. ಅಂದ್ರೆ ಹಳೇ ಕಾಲದ 100 ವ್ಯಾಟಿನ ಬುರುಡೆ ಬಲ್ಬು ಮೂರನ್ನ ಮಧ್ಯಾಹ್ನ ಹಚ್ಚಿಟ್ಟಷ್ಟು ಕಾವು. ಇದನ್ನೇ ಹತ್ತು ಚದರ ಅಡಿ ಮಾಡಿದರೆ ಅಟ್ಟ ಬೇಸಿಗೆಯಲ್ಲಿ ಬಟ್ಟಿಯಾಗುತ್ತೆ.

ಒಂದೇ ದೊಡ್ಡ ಕಿಂಡಿಗಿಂತ ಚದುರಿದ ನಾಲ್ಕೈದು ಸಣ್ಣವು ಮೇಲು. ಬೆಳಕು ಹರಡುತ್ತೆ, ಒಂದು ಒಡೆದರೂ ಮನೆ ಬಯಲಾಗೋದಿಲ್ಲ. ಜೊತೆಗೆ ಅಟ್ಟದ ಒಳಗೋಡೆಗೆ ಸುಣ್ಣ ಬಳಿಸಿ. ಹೊಗೆ ಹಿಡಿದ ಕಪ್ಪು ಗೋಡೆ ಬಂದ ಬೆಳಕನ್ನೆಲ್ಲ ನುಂಗಿಬಿಡುತ್ತೆ.

ಯಾವ ಚಾವಣಿಗೆ ಯಾವುದು?

1. ಹಂಚಿನ ಮನೆ: ಗಾಜಿನ ಹಂಚು

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸುಲಭ. ಆದರೆ ಎಲ್ಲಾ ಕಾರ್ಖಾನೆಯ ಹಂಚೂ ಒಂದೇ ಅಳತೆಯಲ್ಲ. ಉದ್ದ 41 ಸೆಂ.ಮೀ, ಅಗಲ 23.5 ಸೆಂ.ಮೀ ಅನ್ನೋದು ಒಂದು ಸಾಮಾನ್ಯ ಅಳತೆ, ಅದಕ್ಕಿಂತ ದೊಡ್ಡವೂ ಇವೆ. ಅಂಗಡಿಗೆ ಹೋಗುವಾಗ ಮನೆಯ ಹಂಚೊಂದನ್ನ ಚೀಲದಲ್ಲಿ ಹಾಕಿಕೊಂಡೇ ಹೋಗಿ. ಗಾಜಿನ ಹಂಚನ್ನ ಅದರ ಪಕ್ಕಕ್ಕೆ ಜೋಡಿಸಿ, ಕೊಂಡಿ ಸರಿಯಾಗಿ ಕೂರುತ್ತಾ ನೋಡಿ. ಕಾಲಿಂಚು ಎದ್ದರೂ ಅಲ್ಲಿ ನೀರು ಬರೋದು ಖಚಿತ.

ಅಕ್ರಿಲಿಕ್, ಪಾಲಿಕಾರ್ಬೊನೇಟ್ ಹಂಚುಗಳೂ ಸಿಗ್ತವೆ. ಹಗುರ, ಮಂಗ ಕುಣಿದರೂ ಬೇಗ ಒಡೆಯೋದಿಲ್ಲ. ಆದರೆ ಅಗ್ಗದವು ಕೆಲವು ವರ್ಷಕ್ಕೆ ಹಳದಿಯಾಗಿ ಮಬ್ಬಾಗ್ತವೆ. ಬಿಸಿಲು ತಡೆಯೋ ಲೇಪ ಇದೆಯಾ ಅಂತ ಕೇಳಿ ತಗೊಳ್ಳಿ.

2. ತಗಡಿನ ಚಾವಣಿ: ಪಾರದರ್ಶಕ ಹಾಳೆ

ಅಂಗಡಿ, ಗೋದಾಮು, ದನದ ಕೊಟ್ಟಿಗೆಗಳಲ್ಲಿ ಈಗ ತಗಡೇ ಹೆಚ್ಚು. ಅದೇ ಏರಿಳಿತದ ಅಳತೆಯ ಪಾಲಿಕಾರ್ಬೊನೇಟ್ ಅಥವಾ ಫೈಬರ್ ಹಾಳೆ ನಡುವೆ ಸೇರಿಸಬಹುದು. ಪೂರ್ತಿ ಪಾರದರ್ಶಕ ಬೇಡ, ಹಾಲು ಬಣ್ಣದ್ದು ತಗೊಳ್ಳಿ. ಬೆಳಕು ಹರಡುತ್ತೆ, ಕಣ್ಣಿಗೆ ಕುಕ್ಕೋದಿಲ್ಲ.

ಪಾಲಿಕಾರ್ಬೊನೇಟ್ ಬಿಸಿಲಿಗೆ ಬಹಳ ಹಿಗ್ಗುತ್ತೆ. 3 ಮೀಟರ್ ಉದ್ದದ ಹಾಳೆ 40 ಡಿಗ್ರಿ ಉಷ್ಣಾಂಶದ ವ್ಯತ್ಯಾಸಕ್ಕೆ ಹತ್ತಿರಹತ್ತಿರ 8 ಮಿ.ಮೀ ಉದ್ದವಾಗುತ್ತೆ. ಸ್ಕ್ರೂ ದಪ್ಪಕ್ಕಿಂತ ತೂತು ಸ್ವಲ್ಪ ದೊಡ್ಡದು ಕೊರೆಯಬೇಕು, ಮೇಲೆ ರಬ್ಬರ್ ವಾಷರ್ ಹಾಕಬೇಕು, ಬಿಗಿಯೋದು ಮಿತವಾಗಿರಬೇಕು. ಗಟ್ಟಿ ಬಿಗಿದರೆ ಸ್ಕ್ರೂ ಸುತ್ತ ಸೀಳು ಬರುತ್ತೆ. ಲೇಪ ಇರೋ ಬದಿ ಆಕಾಶಕ್ಕೆ ಇರಲಿ. ಹಾಳೆ ಮೇಲಿನ ಗುರುತಿನ ಕಾಗದ ಕೀಳೋ ಮುಂಚೆ ಯಾವ ಬದಿ ಮೇಲೆ ಅಂತ ನೋಡಿಕೊಳ್ಳಿ. ತಲೆಕೆಳಗಾದರೆ ಬೇಗ ಹಾಳಾಗುತ್ತೆ.

ಮೇಲಿನ ಹಾಳೆ ಕೆಳಗಿನ ಹಾಳೆ ಮೇಲೆ ಕನಿಷ್ಠ ಆರು ಇಂಚು ಹಾಯಬೇಕು. ಒಳಗೆ ಟೊಳ್ಳು ಕೊಳವೆ ಇರೋ ಎರಡು ಪದರದ ಹಾಳೆಯಾದರೆ ಕೊಳವೆಗಳು ಇಳಿಜಾರಿನ ಉದ್ದಕ್ಕೇ ಇರಬೇಕು. ಅಡ್ಡ ಹಾಕಿದರೆ ಒಳಗೆ ನೀರು ನಿಂತು ಹಸಿರು ಪಾಚಿ ಕಟ್ಟುತ್ತೆ.

3. ಆರ್‌ಸಿಸಿ ಚಾವಣಿ: ಕಟ್ಟೆ ಕಟ್ಟಿದ ಬೆಳಕಿಂಡಿ

ಹೊಸ ಮನೆ ಕಟ್ಟಿಸೋರು ಸ್ಲ್ಯಾಬ್ ಹಾಕೋ ಮುಂಚೆಯೇ ಕಿಂಡಿ ಜಾಗ ಹೇಳಿಬಿಡಿ. ಕಿಂಡಿ ಸುತ್ತ ಹೆಚ್ಚಿನ ಕಬ್ಬಿಣ ಹಾಕಬೇಕಾಗುತ್ತೆ. ಹಾಕಿದ ಸ್ಲ್ಯಾಬ್ ಆಮೇಲೆ ಕೊರೆಯೋದು ಅಪಾಯದ ಕೆಲಸ, ಒಳಗಿನ ಸರಳು ತುಂಡಾಗ್ತವೆ. ಎಂಜಿನಿಯರ್ ನೋಡದೆ ಗೌಂಡಿ ಮಾತಿನ ಮೇಲೆ ಕೊರೆಸಬೇಡಿ, ಬೀಮ್ ಹತ್ತಿರವಂತೂ ಬೇಡವೇ ಬೇಡ.

ಕಿಂಡಿ ಸುತ್ತ ಚಾವಣಿ ಮಟ್ಟದಿಂದ ಕನಿಷ್ಠ ಆರು ಇಂಚು ಎತ್ತರದ ಕಟ್ಟೆ ಬರಬೇಕು. ಗಾಜು ಸಮಮಟ್ಟವಾಗಿರದೆ ಒಂದು ಕಡೆಗೆ ವಾಲಿರಬೇಕು, ಕಟ್ಟೆಯಿಂದ ಹೊರಗೆ ಚಾಚಿರಬೇಕು. ಆಗ ನೀರು ಹೊರಗೇ ತೊಟ್ಟಿಕ್ಕುತ್ತೆ. ಕೆಳಗೆ ಕಬ್ಬಿಣದ ಜಾಳಿಗೆ ಕಡ್ಡಾಯ.

4. ಮಣ್ಣಿನ ಮಾಳಿಗೆ: ಹಳೇ ಕಿಂಡಿಗೆ ಹೊಸ ಮುಚ್ಚಳ

ಹೊಸ ಕಿಂಡಿ ತೋಡೋ ಬದಲು ಇರೋ ಬೆಳಕಿಂಡಿಯನ್ನೇ ಸರಿ ಮಾಡಿಸೋದು ಜಾಣತನ. ಸುತ್ತ ಸಣ್ಣ ಕಟ್ಟೆ, ಮೇಲೆ ನಾಲ್ಕೂ ಕಡೆ ಚಾಚಿದ ಗಾಜಿನ ಮುಚ್ಚಳ. ಜಂತಿ ಯಾವುದನ್ನೂ ಕತ್ತರಿಸಬೇಡಿ, ಒಂದು ಜಂತಿ ಹೊರೋ ಮಣ್ಣಿನ ಭಾರ ಸಣ್ಣದಲ್ಲ.

ಇಲ್ಲೊಂದು ಮುಖ್ಯ ಎಚ್ಚರಿಕೆ. ಕೆಳಗೆ ಕಟ್ಟಿಗೆ ಒಲೆ ಇನ್ನೂ ಉರಿಯುತ್ತಿದ್ದರೆ ಬೆಳಕಿಂಡಿಗೆ ಗಾಜು ಜಡಿದು ಪೂರ್ತಿ ಮುಚ್ಚಬೇಡಿ. ಮಳೆ ನೀರಿನ ಜೊತೆ ಹೊಗೆಯ ದಾರಿಯೂ ಬಂದ್ ಆಗುತ್ತೆ, ಆ ಹೊಗೆ ಸೇರೋದು ಒಲೆ ಮುಂದೆ ಕೂತವರ ಎದೆಗೆ. ಕಟ್ಟೆಗೂ ಗಾಜಿಗೂ ನಡುವೆ ನಾಲ್ಕೂ ಕಡೆ ಮೂರ್ನಾಲ್ಕು ಇಂಚು ಸಂದಿ ಬಿಟ್ಟು ಜಾಳಿಗೆ ಹೊಡೆಸಿ. ಇಲ್ಲವೇ ಒಲೆಗೆ ಬೇರೆ ಹೊಗೆಗೂಡು ಕಟ್ಟಿಸಿ.

5. ತೆರೆದು ಮುಚ್ಚೋ ಚಾವಣಿ ಕಿಟಕಿ

ಅಟ್ಟದಲ್ಲಿ ಜನ ಮಲಗೋದು, ಓದೋದು ಇದ್ದರೆ ಮಾತ್ರ ಇದರ ಖರ್ಚು ಸಾರ್ಥಕ. ಬೆಳಕಿನ ಜೊತೆ ಮೇಲೇರಿದ ಬಿಸಿ ಗಾಳಿಯೂ ಹೊರಗೆ ಹೋಗುತ್ತೆ. ಸಾಮಾನ್ಯವಾಗಿ 15 ಡಿಗ್ರಿಗಿಂತ ಹೆಚ್ಚು ಇಳಿಜಾರಿರೋ ಚಾವಣಿಗೆ ಹೊಂದುತ್ತೆ. ಕಿಟಕಿಯ ಮೇಲಂಚು ನೆಲದಿಂದ ಆರೂವರೆ ಅಡಿ ಎತ್ತರದಲ್ಲಿದ್ದರೆ ನಿಂತು ತೆರೆಯೋಕೆ ಅನುಕೂಲ. ಕೆಳಂಚು ಮೂರಡಿಗಿಂತ ಕೆಳಗೆ ಬೇಡ, ಮಕ್ಕಳು ಹತ್ತಿಬಿಡ್ತಾರೆ.

ಸ್ಥಳೀಯ ವೆಲ್ಡಿಂಗ್ ಅಂಗಡಿಯಲ್ಲಿ ಚೌಕಟ್ಟು ಮಾಡಿಸೋದಾದರೆ ಮುಖ್ಯ ಕೆಲಸ ಸುತ್ತಲಿನ ತಗಡಿನ ಹೊದಿಕೆಯದು. ಕೆಳಗಿನ ತಗಡು ಹಂಚಿನ ಮೇಲೆ ಬರಬೇಕು, ಪಕ್ಕದವು ಹಂಚಿನ ಕೆಳಗೆ ಮಡಿಚಿ ಕಾಲುವೆಯಂಗಿರಬೇಕು, ಮೇಲಿನದು ಮೇಲ್ಸಾಲಿನ ಹಂಚಿನ ಅಡಿಗೆ ಸೇರಬೇಕು. ನೀರು ಯಾವತ್ತೂ ಮೇಲಿನ ಪದರದಿಂದ ಕೆಳಗಿನ ಪದರದ ಮೇಲೆ ಬೀಳಬೇಕು ಅನ್ನೋ ಒಂದೇ ತತ್ವ. ಇದು ತಪ್ಪಿದರೆ ಎಷ್ಟು ಟ್ಯೂಬ್ ಸಿಲಿಕಾನ್ ಸುರಿದರೂ ಒಂದೆರಡು ಮಳೆಗಾಲಕ್ಕೆ ಸೋರುತ್ತೆ. ಅಗಲ ಎರಡು ತೊಲೆಪಟ್ಟಿಗಳ ನಡುವೆ ಹಿಡಿಯುವಷ್ಟೇ ಇರಲಿ. ಪಟ್ಟಿ ಕತ್ತರಿಸಲೇಬೇಕಾದರೆ ಮೇಲೆ ಕೆಳಗೆ ಅಡ್ಡಪಟ್ಟಿ ಕೊಟ್ಟು ಭಾರವನ್ನ ಪಕ್ಕದ ಪಟ್ಟಿಗಳಿಗೆ ಹೊರಿಸಬೇಕು. ಇದು ಬಡಿಗೇರರ ಕೆಲಸ, ಮನೆಯವರು ಕೈ ಹಾಕೋದು ಬೇಡ.

ತಲೆ ಮೇಲಿನ ಗಾಜು: ಮೂರು ಜಾತಿ

ಸಾದಾ ಗಾಜು ಒಡೆದರೆ ಚೂಪು ಚೂರುಗಳು ನೇರ ಕೆಳಗೆ ಬೀಳ್ತವೆ. ಟಫನ್ಡ್ ಗಾಜು ಗಟ್ಟಿ, ಒಡೆದರೂ ಸಣ್ಣ ಕಾಳಿನಂಗೆ ಪುಡಿಯಾಗುತ್ತೆ. ಲ್ಯಾಮಿನೇಟೆಡ್ ಗಾಜಿನಲ್ಲಿ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪೊರೆ ಇರೋದರಿಂದ ಬಿರುಕು ಬಿಟ್ಟರೂ ಅಲ್ಲೇ ಹಿಡಿದುಕೊಂಡಿರುತ್ತೆ. ಜನ ಓಡಾಡೋ ಜಾಗದ ಮೇಲೆ ಲ್ಯಾಮಿನೇಟೆಡ್ ಸುರಕ್ಷಿತ. ಟಫನ್ಡ್ ಗಾಜನ್ನ ಆಮೇಲೆ ಕತ್ತರಿಸೋಕೆ, ಕೊರೆಯೋಕೆ ಬರೋದಿಲ್ಲ. ಅಳತೆ ಎರಡು ಸಲ ತೆಗೆದು ಆಮೇಲೆ ಆರ್ಡರ್ ಕೊಡಿ.

ಯಾವ ಗಾಜೇ ಇರಲಿ, ಅಡಿಗೆ ಜಾಳಿಗೆ ಇರಲೇಬೇಕು. ಮಂಗ ಎಸೆದ ಕಲ್ಲು, ಏಪ್ರಿಲ್-ಮೇ ತಿಂಗಳ ಆಲಿಕಲ್ಲು, ತೆಂಗಿನ ಗರಿ, ಯಾವುದು ಯಾವಾಗ ಬೀಳುತ್ತೋ ಹೇಳೋಕಾಗಲ್ಲ. ಸರಳು ದಪ್ಪ ಇದ್ದರೆ ಕಳ್ಳರಿಗೂ ಅದೇ ಉತ್ತರ.

ಗಾಜಿನ ಹಂಚು ಕೂರಿಸೋ ಕ್ರಮ

ಅಟ್ಟ ಗಟ್ಟಿ ಇದ್ದರೆ ಒಳಗಿನಿಂದಲೇ ಈ ಕೆಲಸ ಆಗುತ್ತೆ, ಚಾವಣಿ ಹತ್ತೋದೇ ಬೇಡ.

1. ನೆತ್ತಿಯಿಂದ ಕನಿಷ್ಠ ಎರಡು ಸಾಲು ಕೆಳಗಿನ ಹಂಚು ಆರಿಸಿ. ಸೂರಿನ ಅಂಚಿನ ಸಾಲು ಬೇಡ, ಅಲ್ಲಿ ನೀರಿನ ಹರಿವು ಹೆಚ್ಚು.
2. ಮೇಲ್ಸಾಲಿನ ಹಂಚನ್ನ ಸ್ವಲ್ಪ ಮೇಲೆತ್ತಿ ಹಿಂದಕ್ಕೆ ಸರಿಸಿ. ಕೆಳಗಿನ ಹಂಚು ರೀಪಿನಿಂದ ಬಿಡಿಸಿಕೊಳ್ಳುತ್ತೆ. ಅದನ್ನ ಒಳಗೆ ತೆಗೆದುಕೊಳ್ಳಿ.
3. ಪಕ್ಕದ ಹಂಚುಗಳ ಕಾಲುವೆಯಲ್ಲಿ ಕೂತ ಧೂಳು, ಪಾಚಿ, ಹಕ್ಕಿಗೂಡಿನ ಕಸ ಬ್ರಷ್‌ನಿಂದ ತೆಗೆಯಿರಿ. ಎಷ್ಟೋ ಸೋರಿಕೆಗೆ ಕಾರಣ ಇದೇ ಕಸ.
4. ರೀಪು ಗೆದ್ದಲು ತಿಂದಿದೆಯಾ ನೋಡಿ. ಮೆತ್ತಗಿದ್ದರೆ ಮೊದಲು ಅದನ್ನ ಬದಲಿಸಿ.
5. ಗಾಜಿನ ಹಂಚಿನ ಮೂಗು ರೀಪಿಗೆ ಸಿಕ್ಕಿಸಿ, ಎರಡೂ ಪಕ್ಕದ ಕೊಂಡಿ ಕೂರಿಸಿ, ಮೇಲ್ಸಾಲಿನ ಹಂಚನ್ನ ಮತ್ತೆ ಅದರ ಮೇಲೆ ಎಳೆಯಿರಿ.
6. ಗಾಳಿ ಹೊಡೆಯೋ ಬದಿಯಾದರೆ ಹಂಚಿನಡಿಯ ತೂತಿಗೆ ತುಕ್ಕು ಹಿಡಿಯದ ತಂತಿ ಹಾಕಿ ರೀಪಿಗೆ ಬಿಗಿಯಿರಿ.
7. ಸುತ್ತ ಸಿಮೆಂಟು ಮೆತ್ತಬೇಡಿ. ಮುಂದೆ ಬದಲಿಸುವಾಗ ಅಕ್ಕಪಕ್ಕದ ಹಂಚೂ ಒಡೆಯುತ್ತೆ.
8. ಮೇಲಿನಿಂದ ನೀರು ಹಾಕಿ ಪರೀಕ್ಷೆ ಮಾಡಿ. ಮೊದಲು ಕಿಂಡಿಯ ಕೆಳಗೆ, ಆಮೇಲೆ ಪಕ್ಕಕ್ಕೆ, ಕೊನೆಗೆ ಮೇಲ್ಭಾಗಕ್ಕೆ. ಈ ಕ್ರಮದಲ್ಲಿ ಹಾಕಿದರೆ ನೀರು ಎಲ್ಲಿಂದ ಬಂತು ಅನ್ನೋದು ಗೊತ್ತಾಗುತ್ತೆ.

ಪ್ರಾಣಕ್ಕಿಂತ ಬೆಳಕು ದೊಡ್ಡದಲ್ಲ

ಹಳೇ ಸಿಮೆಂಟ್ ಶೀಟು, ಪಾರದರ್ಶಕ ಹಾಳೆ, ಗಾಜಿನ ಹಂಚು, ಇವು ಮನುಷ್ಯನ ಭಾರ ಹೊರೋದಿಲ್ಲ. ಧೂಳು ಕೂತ ಮೇಲೆ ಪಾರದರ್ಶಕ ಹಾಳೆಗೂ ತಗಡಿಗೂ ವ್ಯತ್ಯಾಸವೇ ಕಾಣೋದಿಲ್ಲ. ಮೇಲೆ ಹತ್ತಲೇಬೇಕಾದರೆ ಕೆಳಗಿನ ಕಬ್ಬಿಣ ಅಥವಾ ತೊಲೆ ಇರೋ ಸಾಲಿನ ಮೇಲೆ ಅಡ್ಡ ಹಲಗೆ ಹಾಕಿ, ಅದರ ಮೇಲೆ ಮಾತ್ರ ನಡೆಯಬೇಕು. ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿ ಗಟ್ಟಿ ತೊಲೆಗೆ ಬಿಗಿದಿರಬೇಕು. ಮಳೆ ಬಿದ್ದ ಹಂಚು ಪಾಚಿಯಿಂದ ಜಾರುತ್ತೆ, ಅವತ್ತು ಕೆಲಸ ಬೇಡ. ಮನೆ ಮೇಲೆ ಹಾದ ಕರೆಂಟ್ ತಂತಿ ಇದ್ದರೆ ಲೈನ್‌ಮನ್‌ಗೆ ತಿಳಿಸಿ ಲೈನ್ ತೆಗೆಸಿಯೇ ಏಣಿ ಎತ್ತಿ.

ಕಲ್ನಾರು ಸೇರಿದ ಹಳೇ ಸಿಮೆಂಟ್ ಶೀಟನ್ನ ಕಟಿಂಗ್ ಮಷಿನ್‌ನಿಂದ ಕೊಯ್ಯಬೇಡಿ. ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತೆ. ಪೂರ್ತಿ ಶೀಟನ್ನೇ ಒಡೆಯದಂಗೆ ಬಿಚ್ಚಿ, ನೀರು ಚಿಮುಕಿಸಿ ಇಳಿಸಿ, ಅಲ್ಲಿ ಹೊಸ ಹಾಳೆ ಹಾಕಿಸಿ.

ಅಂಗಡಿಯವರಿಗೆ

ಬೀಜ, ಗೊಬ್ಬರ, ಔಷಧಿ ಅಂಗಡಿಯವರು ದಾಸ್ತಾನಿನ ನೇರ ಮೇಲೆ ಕಿಂಡಿ ಬಿಡಬೇಡಿ. ಕಾವಿಗೆ ಬಿತ್ತನೆ ಬೀಜದ ಮೊಳಕೆ ಶಕ್ತಿ ಕುಗ್ಗುತ್ತೆ, ಕೀಟನಾಶಕವನ್ನ ಬಿಸಿ ಅಟ್ಟದಲ್ಲಿ ಇಡೋದೇ ಅಪಾಯ. ಬಟ್ಟೆ ಅಂಗಡಿಯಲ್ಲಿ ನೇರ ಬಿಸಿಲು ಬಿದ್ದ ಸೀರೆ ಮಡಿಕೆ ಗೆರೆಯಲ್ಲೇ ಬಣ್ಣ ಬಿಡುತ್ತೆ. ಓಡಾಡೋ ದಾರಿಯ ಮೇಲೆ ಹಾಲು ಬಣ್ಣದ ಹಾಳೆ ಹಾಕಿಸಿ, ಸಾಮಾನು ಪಕ್ಕಕ್ಕಿರಲಿ.

ಪದೇ ಪದೇ ಕೇಳೋ ಪ್ರಶ್ನೆಗಳು

ಯಾವಾಗ ಮಾಡಿಸೋದು ಒಳ್ಳೇದು?
ಸುಗ್ಗಿ ಮುಗಿದ ಮೇಲೆ, ಫೆಬ್ರುವರಿ-ಮಾರ್ಚ್. ಅಡ್ಡಮಳೆ ಬಂದಾಗ ಸೋರಿಕೆ ಇದ್ದರೆ ಗೊತ್ತಾಗುತ್ತೆ, ರೋಹಿಣಿ ಮಳೆಯೊಳಗೆ ಸರಿ ಮಾಡಿಸೋಕೆ ಸಮಯ ಇರುತ್ತೆ.

ಬೆಳಕು ಬಂತು, ಕಾವು ತಡೆಯೋಕಾಗ್ತಿಲ್ಲ. ಏನು ಮಾಡೋದು?
ಗಾಜಿನ ಕೆಳಗೆ ಅರ್ಧ ಅಡಿ ಬಿಟ್ಟು ಬಿಳಿ ಬಟ್ಟೆ ಕಟ್ಟಿ. ಇನ್ನೂ ಉತ್ತಮ ಅಂದ್ರೆ ಬೇಸಿಗೆಯಲ್ಲಿ ಗಾಜಿನ ಮೇಲೆ, ಹೊರಗಡೆಯೇ ನೆರಳು ಬಲೆ. ಬಿಸಿಲನ್ನ ಒಳಗೆ ಬಿಟ್ಟು ತಡೆಯೋದಕ್ಕಿಂತ ಹೊರಗೇ ತಡೆಯೋದು ಲೇಸು. ಜೊತೆಗೆ ನೆತ್ತಿಯ ಹತ್ತಿರ ಒಂದು, ಕೆಳಗೋಡೆಯಲ್ಲಿ ಒಂದು ಗಾಳಿಕಿಂಡಿ ಇರಲಿ. ಬಿಸಿ ಗಾಳಿ ಮೇಲಿಂದ ಹೋದರೆ ತಂಪು ಗಾಳಿ ಕೆಳಗಿಂದ ತಾನೇ ಬರುತ್ತೆ.

ಡಿಸೆಂಬರ್ ಬೆಳಗಿನಲ್ಲಿ ಗಾಜಿನಿಂದ ನೀರು ತೊಟ್ಟಿಕ್ಕುತ್ತೆ, ಮಳೆಯೇ ಇಲ್ಲವಲ್ಲ?
ಅದು ಸೋರಿಕೆ ಅಲ್ಲ. ಒಳಗಿನ ತೇವದ ಗಾಳಿ ತಣ್ಣನೆ ಗಾಜಿಗೆ ತಾಗಿ ಹನಿ ಕಟ್ಟುತ್ತೆ. ಹಸಿ ಕಾಳು ಒಣಗಲು ಹಾಕಿದ್ದರೆ ಇನ್ನೂ ಹೆಚ್ಚು. ಗಾಳಿಯಾಡೋಕೆ ಬಿಡಿ, ಗಾಜಿನ ನೇರ ಕೆಳಗೆ ಚೀಲ ಇಡಬೇಡಿ.

ವರ್ಷಕ್ಕೊಮ್ಮೆ ಏನು ನೋಡಬೇಕು?
ಮೇ ತಿಂಗಳಲ್ಲಿ ಒಂದು ಸಲ: ಗಾಜಿನ ಧೂಳು, ಸುತ್ತಲಿನ ಕಸ, ವಾಷರ್ ಬಿರುಕು, ಜಾಳಿಗೆಯ ತುಕ್ಕು. ಮೊದಲ ದೊಡ್ಡ ಮಳೆ ದಿನ ಟಾರ್ಚ್ ಹಿಡಿದು ಅಟ್ಟ ಹತ್ತಿ ಸುತ್ತಲಿನ ರೀಪು ಮುಟ್ಟಿ ನೋಡಿ. ಒದ್ದೆ ಇದ್ದರೆ ಅವತ್ತೇ ಕಾಳಿನ ಚೀಲ ಸರಿಸಿ, ಬಿಸಿಲು ಬಿದ್ದ ಕೂಡಲೇ ಹಂಚು ಸರಿ ಮಾಡಿಸಿ.